ಎರಡು ಫ್ರೇಜರ್‌ಗಳ ನಡುವೆ ಒಬ್ಬ ಅರಸ

ನಾನು ಹುಟ್ಟಿ ಬೆಳೆದದ್ದು ಕೊಡಗಿನ ಸುಂಟಿಕೊಪ್ಪದ ಬಳಿಯ ಒಂದು ಗ್ರಾಮದಲ್ಲಿ. ಸಂತೆಗೆ, ಆಸ್ಪತ್ರೆಗೆ, ಮೈಸೂರಿನ ಬಸ್ಸಿಗೆ ನಾವು ಇಳಿದು ಹೋಗುತ್ತಿದ್ದ ಪೇಟೆ ಕಾವೇರಿಯ ದಡದ ಕುಶಾಲನಗರ. ನನ್ನ ಅಜ್ಜ ತಮ್ಮ ಕೊನೆಗಾಲದವರೆಗೂ ಅದನ್ನು ಫ್ರೇಜರ್‌ಪೇಟೆ ಎಂದೇ ಕರೆದರು. ಉದ್ಯೋಗನಿಮಿತ್ತ ಬೆಂಗಳೂರಿಗೆ ಬಂದ ನಾನು ಮನೆ ಮಾಡಿದ್ದು ಪುಲಿಕೇಶಿನಗರದಲ್ಲಿ. ಫಲಕಗಳಲ್ಲಿ, ಮತದಾರರ ಪಟ್ಟಿಯಲ್ಲಿ ಚಾಲುಕ್ಯ ಚಕ್ರವರ್ತಿ ನೆಲೆಸಿದ್ದರೂ ಆಟೋ ಚಾಲಕನಿಗೆ ಫ್ರೇಜರ್ ಟೌನ್ ಎಂದರೆ ಮಾತ್ರ ದಾರಿ ತಿಳಿಯುತ್ತದೆ. ಹೀಗೆ ನನ್ನ ಬದುಕು ಹೆಸರು ಬದಲಾದ ಎರಡು ಊರುಗಳ ನಡುವೆ, ಇಬ್ಬರು ಫ್ರೇಜರ್‌ಗಳ ನಡುವೆ ಕಳೆದಿದೆ.

ಬಹುಕಾಲ ಈ ಇಬ್ಬರೂ ಒಬ್ಬನೇ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಬೆಂಗಳೂರಿನ ಫ್ರೇಜರ್ ಟೌನಿಗೆ ಹೆಸರು ಕೊಟ್ಟ ಸ್ಟುವರ್ಟ್ ಫ್ರೇಜರ್ ನಾಲ್ವಡಿ ಕೃಷ್ಣರಾಜ ಒಡೆಯರ ಗುರುವಾಗಿದ್ದು, ಮುಂದೆ ಮೈಸೂರಿನ ರೆಸಿಡೆಂಟ್ ಆದವರು. 1898ರ ಪ್ಲೇಗಿನ ತರುವಾಯ ದಂಡಿನ ಪ್ರದೇಶದ ಇಕ್ಕಟ್ಟು ಕೇರಿಗಳಿಂದ ಜನರನ್ನು ಹೊರತಂದು ನೆಲೆಗೊಳಿಸಲು ಕಟ್ಟಿದ ಬಡಾವಣೆಗಳಲ್ಲಿ ಇದೂ ಒಂದು. ಕಾವೇರಿ ದಡದ ಪೇಟೆಗೆ ಹೆಸರು ಕೊಟ್ಟವನು ಅವರಿಗಿಂತ ಬಹಳ ಹಿಂದಿನ ಕರ್ನಲ್ ಜೇಮ್ಸ್ ಸ್ಟುವರ್ಟ್ ಫ್ರೇಜರ್. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರಾಜಕೀಯ ಪ್ರತಿನಿಧಿಯಾಗಿ ಕೊಡಗಿನ ಕೊನೆಯ ಅರಸನನ್ನು ಗದ್ದುಗೆಯಿಂದ ಇಳಿಸಿದವನು ಅವನೇ. ಹೆಸರಿನ ಸಾಮ್ಯ ಕಾಕತಾಳೀಯವಿರಬಹುದು, ಆದರೆ ಇನ್ನೊಂದು ನಂಟು ಕಾಕತಾಳೀಯವಲ್ಲ. 1881ರಿಂದ ಮುಂದೆ ಮೈಸೂರಿನ ರೆಸಿಡೆಂಟನಾದವನು ಬೆಂಗಳೂರಿನಲ್ಲಿ ಕುಳಿತೇ ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿರುತ್ತಿದ್ದ. ಮೊದಲನೆಯ ಫ್ರೇಜರ್ ಯಾವ ನಾಡನ್ನು ಕಂಪನಿಯ ವಶಕ್ಕೆ ಕೊಟ್ಟನೋ ಎರಡನೆಯ ಫ್ರೇಜರ್ ಅದನ್ನೇ ಇಲ್ಲಿಂದ ಆಳಿದರು.

ಆ ಕೊನೆಯ ಅರಸನ ಹೆಸರು ಚಿಕ್ಕವೀರರಾಜೇಂದ್ರ. ಕನ್ನಡದ ಓದುಗರಿಗೆ ಅವನು ಮಾಸ್ತಿಯವರ ಮೂಲಕ ಪರಿಚಿತ. ನನಗೆ ಅದಕ್ಕೂ ಮೊದಲು, ಮನೆಯ ಹಿರಿಯರ ಮಾತಿನಲ್ಲಿ ಪರಿಚಿತ. ನಮ್ಮ ಐನ್‌ಮನೆಯಲ್ಲಿ ದೊಡ್ಡವೀರರಾಜೇಂದ್ರರಿಗೆ ಬಹುವಚನ, ಚಿಕ್ಕವನಿಗೆ ಏಕವಚನ. ಅದು ಹೇಗೋ ನನ್ನ ಬರಹಕ್ಕೂ ಅಂಟಿಕೊಂಡಿದೆ. ತಿದ್ದಲು ಯತ್ನಿಸಿ ಸೋತಿದ್ದೇನೆ.

ಹಾಲೇರಿ ವಂಶದವರು ಕೊಡವರಲ್ಲ. ಇಕ್ಕೇರಿಯ ಅರಸು ಮನೆತನದ ಸಂಬಂಧಿಗಳೆನಿಸಿದ ಲಿಂಗಾಯತರು. ಹದಿನೇಳನೆಯ ಶತಮಾನದಲ್ಲಿ ನೆಲೆಯೂರಿ, 1681ರಲ್ಲಿ ಮುದ್ದುರಾಜನ ಕಾಲಕ್ಕೆ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡು, ಕನ್ನಡದಲ್ಲಿ ಆಡಳಿತ ನಡೆಸಿದರು. ಯುದ್ಧಕಾಲದಲ್ಲಿ ಬಂದೂಕು ಹಿಡಿಯುವ ಕರಾರಿನ ಮೇಲೆ ಒಕ್ಕಲುಗಳಿಗೆ ವಂಶಪಾರಂಪರ್ಯವಾಗಿ ಬಿಟ್ಟ ಜಮ್ಮಾ ಭೂಮಿ ಅರಸನನ್ನೂ ಪ್ರಜೆಯನ್ನೂ ಕಟ್ಟಿಹಾಕಿದ್ದ ಹಗ್ಗ. ದೊಡ್ಡವೀರರಾಜೇಂದ್ರರು ಟಿಪ್ಪುವಿನ ಬಂಧನದಲ್ಲಿದ್ದು, 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು, 1790ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಶ್ರೀರಂಗಪಟ್ಟಣದ ಮೇಲೆ ಹೋಗುವ ಆಂಗ್ಲ ಸೈನ್ಯಕ್ಕೆ ಕೊಡಗಿನ ಕಣಿವೆಗಳ ದಾರಿ ತೆರೆದರು, ಅಕ್ಕಿ ಮತ್ತು ದನಗಳನ್ನು ಒದಗಿಸಿದರು. ಅಂದಿನ ಲೆಕ್ಕದಲ್ಲಿ ಅದು ಸ್ವಾತಂತ್ರ್ಯದ ರಕ್ಷಣೆಯೇ ಆಗಿತ್ತು. ಒಬ್ಬ ಬಲಿಷ್ಠನಿಂದ ಪಾರಾಗಲು ಇನ್ನೊಬ್ಬ ಬಲಿಷ್ಠನ ಕೈ ಹಿಡಿದ ಸಣ್ಣ ರಾಜ್ಯಕ್ಕೆ ಆ ಕೈಯನ್ನು ಮುಂದೆ ಬಿಡಿಸಿಕೊಳ್ಳುವ ಬಗೆ ತಿಳಿದಿರಲಿಲ್ಲ.

1809ರಲ್ಲಿ ದೊಡ್ಡವೀರರಾಜೇಂದ್ರರು ತೀರಿಕೊಂಡಾಗ ಗಂಡುಮಕ್ಕಳಿರಲಿಲ್ಲ. ಮಗಳು ದೇವಮ್ಮಾಜಿಗೆ ಪಟ್ಟ ಸಲ್ಲಬೇಕೆಂಬುದು ಅವರ ಇಚ್ಛೆ. ಕಂಪನಿಯವರೂ ಅದನ್ನು ಒಪ್ಪಿದ್ದರು. ತಮ್ಮ ಲಿಂಗರಾಜೇಂದ್ರರು ಎರಡೇ ವರ್ಷಗಳಲ್ಲಿ ಆ ಬಾಲೆಯನ್ನು ಬದಿಗೊತ್ತಿ ತಾವೇ ಅರಸರಾದರು. ಹೀಗೆ ಬಂದ ಸಿಂಹಾಸನವೇ 1820ರಲ್ಲಿ ಅವರ ಮಗನಿಗೆ, ಇಪ್ಪತ್ತರ ಆಸುಪಾಸಿನ ಚಿಕ್ಕವೀರರಾಜೇಂದ್ರನಿಗೆ ದೊರೆಯಿತು. ದಾಯಾದಿಗಳ ಹಕ್ಕು ತನ್ನದಕ್ಕಿಂತ ಗಟ್ಟಿಯೆಂಬ ಭಯ ಆ ಪೀಠದೊಂದಿಗೇ ಬಂದಿತ್ತು. ದೊಡ್ಡಪ್ಪನ ಮಕ್ಕಳನ್ನೂ ಇತರ ಬಂಧುಗಳನ್ನೂ ಅವನು ಕೊಲ್ಲಿಸಿದನೆಂದು ದಾಖಲೆಗಳು ಹೇಳುತ್ತವೆ. ಆಪ್ತ ಮಂತ್ರಿ ಕುಂಟ ಬಸವನ ದರ್ಪ, ಅಂತಃಪುರದ ಕಥೆಗಳು, ವಿನಾಕಾರಣ ಮರಣದಂಡನೆಗಳು, ಇವೆಲ್ಲ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಕೊಡಗಿನ ನೆನಪುಗಳ ಪುಸ್ತಕದಲ್ಲೂ ರಿಕ್ಟರ್ 1870ರಲ್ಲಿ ಬರೆದ ಕೈಪಿಡಿಯಲ್ಲೂ ದಟ್ಟವಾಗಿ ತುಂಬಿವೆ. ಇವುಗಳಲ್ಲಿ ಎಷ್ಟು ಉತ್ಪ್ರೇಕ್ಷೆ ಎಂದು ವಿದ್ವಾಂಸರು ಚರ್ಚಿಸಬಹುದು. ಆದರೆ ಎಲ್ಲವೂ ಕಟ್ಟುಕಥೆ ಎಂದು ತಳ್ಳಿಹಾಕುವ ಇತ್ತೀಚಿನ ಉತ್ಸಾಹದಲ್ಲಿ ನಾನು ಪಾಲುದಾರನಲ್ಲ. ಇಷ್ಟು ಜನರ ನೆನಪಿನಲ್ಲಿ ಇಷ್ಟು ಭೀತಿ ಸುಮ್ಮನೆ ಉಳಿಯದು.

ಜಗಳ ಮನೆಯೊಳಗಿನಿಂದಲೇ ಹೊರಬಂತು. 1832ರಲ್ಲಿ ಅರಸನ ತಂಗಿ ದೇವಮ್ಮಾಜಿ (ಹೆಸರು ಮತ್ತೆ ಅದೇ) ಗಂಡ ಚೆನ್ನಬಸಪ್ಪನೊಡನೆ ಮೈಸೂರು ಸೀಮೆಗೆ ಓಡಿಹೋಗಿ ಕಂಪನಿಯ ಆಶ್ರಯ ಪಡೆದಳು. ಅವರನ್ನು ಒಪ್ಪಿಸಬೇಕೆಂದು ಅರಸ ಹಟ ಹಿಡಿದ. ಕಂಪನಿ ನಿರಾಕರಿಸಿತು. ಮಾತುಕತೆಗೆ ಬಂದ ಕಂಪನಿಯ ಪ್ರತಿನಿಧಿ ಕರುಣಾಕರ ಮೆನನ್‌ನನ್ನು ಅವನು ಮಡಿಕೇರಿಯಲ್ಲಿ ತಡೆದಿಟ್ಟ. ಯುದ್ಧಕ್ಕೆ ಅಷ್ಟು ನೆಪ ಸಾಕಾಯಿತು. ಇಲ್ಲಿ ನೆರೆಯ ಸಂಗತಿಯೊಂದನ್ನು ನೆನೆಯಬೇಕು. ಅದಕ್ಕೆ ಮೂರೇ ವರ್ಷ ಮೊದಲು, 1831ರಲ್ಲಿ, ದುರಾಡಳಿತದ ಕಾರಣ ಹೇಳಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡಿತ್ತು. ಮುಮ್ಮಡಿಯವರು ದಾನಿಗಳು, ಕಲಾಪೋಷಕರು. ಯಾರೂ ಅವರನ್ನು ಕ್ರೂರಿಗಳೆನ್ನಲಿಲ್ಲ. ಅವರ ಮೇಲೂ ಬಿದ್ದದ್ದು ಅದೇ ಆರೋಪ, ದೊರೆತದ್ದು ಅದೇ ಫಲ. ವ್ಯತ್ಯಾಸವೆಂದರೆ ಮೈಸೂರು 1881ರಲ್ಲಿ ಒಡೆಯರಿಗೆ ಮರಳಿತು, ಕೊಡಗು ಹಾಲೇರಿಯವರಿಗೆ ಎಂದೂ ಮರಳಲಿಲ್ಲ.

1834ರ ಏಪ್ರಿಲ್ ಆರಂಭದಲ್ಲಿ ಕಂಪನಿಯ ಪಡೆಗಳು ನಾಲ್ಕು ಕಡೆಗಳಿಂದ ಕೊಡಗನ್ನು ಹೊಕ್ಕವು. ಕೊಡಗಿನವರು ಹೋರಾಡದೆ ಶರಣಾದರೆಂಬ ಮಾತು ತಪ್ಪು. ಉತ್ತರದಿಂದ ಬಂದ ದಳವನ್ನು ಸೋಮವಾರಪೇಟೆಯ ಸೀಮೆಯ ಕಾಡುಕಟ್ಟೆಯ ಬಳಿ ಹಿಮ್ಮೆಟ್ಟಿಸಲಾಯಿತು. ಐವತ್ತೈದನೆಯ ರೆಜಿಮೆಂಟಿನ ಕರ್ನಲ್ ಮಿಲ್ ಅಲ್ಲಿಯೇ ಸತ್ತ. ಪಶ್ಚಿಮದ ಘಟ್ಟದಲ್ಲೂ ಆಂಗ್ಲರು ಹಿಂದೆ ಸರಿಯಬೇಕಾಯಿತು. ಆದರೆ ಪೂರ್ವದ ದಳಕ್ಕೆ ದಾರಿ ಸುಗಮವಾಯಿತು, ಏಕೆಂದರೆ ಅರಮನೆಯ ಒಳಗಿದ್ದವರ ಮನಸ್ಸು ಅಷ್ಟರಲ್ಲಿ ಮುರಿದಿತ್ತು. ದಿವಾನ ಅಪ್ಪರಂಡ ಬೋಪು ಆಂಗ್ಲರ ಕಡೆ ಸೇರಿ ಪಡೆಯನ್ನು ಮಡಿಕೇರಿಗೆ ತಂದ. ಏಪ್ರಿಲ್ 6ರಂದು ಕೋಟೆಯ ಮೇಲೆ ಯೂನಿಯನ್ ಜ್ಯಾಕ್ ಹಾರಿತು. ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿ ದೊಡ್ಡಪ್ಪ ಕಟ್ಟಿಸಿದ್ದ ನಾಲ್ಕುನಾಡು ಅರಮನೆಗೆ ಹೋಗಿ ಕುಳಿತಿದ್ದ ಅರಸ ಏಪ್ರಿಲ್ 10ರಂದು ಶರಣಾದ. ಕುಂಟ ಬಸವ ಹೆಣವಾಗಿ ಸಿಕ್ಕ. ಏಪ್ರಿಲ್ 24ರಂದು ಅರಸ ರಾಣಿಯರೊಡನೆ, ಪರಿವಾರದೊಡನೆ ಮಡಿಕೇರಿಯನ್ನು ಬಿಟ್ಟ. ಮತ್ತೆಂದೂ ಅದನ್ನು ನೋಡಲಿಲ್ಲ.

ಮೇ 7ರಂದು ಫ್ರೇಜರ್ ಹೊರಡಿಸಿದ ಘೋಷಣೆಯ ಪ್ರಕಾರ, ಕೊಡಗನ್ನು ಕಂಪನಿಯ ಆಳ್ವಿಕೆಗೆ ಸೇರಿಸಿಕೊಂಡದ್ದು ಅಲ್ಲಿನ ನಿವಾಸಿಗಳ ಒಮ್ಮತದ ಇಚ್ಛೆಯಿಂದ. ನನ್ನ ಶಾಲಾದಿನಗಳಲ್ಲಿ ನಮಗೆ ಕಲಿಸಿದ್ದೂ ಇದನ್ನೇ, ಕೊಂಚ ಹೆಮ್ಮೆಯಿಂದಲೇ. ಗೆದ್ದು ಪಡೆದ ನಾಡಲ್ಲ, ತಾನಾಗಿ ಬಂದ ನಾಡು ಎಂಬ ಹೆಮ್ಮೆ. ಒಮ್ಮತವನ್ನು ಯಾರಿಂದ ಕೇಳಿದರು? ದಿವಾನರಿಂದ, ನಾಡಿನ ಕೆಲ ಮುಖಂಡರಿಂದ. ಕೋಟೆಯ ಮೇಲೆ ಬಾವುಟ ಹಾರಿ ಒಂದು ತಿಂಗಳಾಗಿತ್ತು, ಅರಸ ಕಾವಲಿನಲ್ಲಿದ್ದ. ಹೊಲೆಯ, ಕುಡಿಯ, ಯರವರನ್ನು ಹಾಗಿರಲಿ, ತಗ್ಗಿನ ಸೀಮೆಯ ಗೌಡರನ್ನು ಯಾರಾದರೂ ಕೇಳಿದರೇ?

ಅವರನ್ನು ಕೇಳಿರಲಿಲ್ಲ ಎಂಬುದು ಮೂರು ವರ್ಷಗಳಲ್ಲಿ ಗೊತ್ತಾಯಿತು. ಅಮರಸುಳ್ಯ, ಪುತ್ತೂರಿನ ಭಾಗಗಳನ್ನು ಕಂಪನಿ ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಜೋಡಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯ ಇನ್ನು ನಗದಿನಲ್ಲಿ ಸಲ್ಲಬೇಕಾಯಿತು. 1837ರ ವಸಂತದಲ್ಲಿ ರೈತರು ಎದ್ದರು. ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯಗೌಡ ಮತ್ತು ಗುಡ್ಡೆಮನೆ ಅಪ್ಪಯ್ಯಗೌಡರಂಥವರ ನಾಯಕತ್ವದಲ್ಲಿ ಬೆಳ್ಳಾರೆಯಿಂದ ಮಂಗಳೂರಿನವರೆಗೆ ನಡೆದುಹೋದರು. ಬಾವುಟಗುಡ್ಡೆಯ ಮೇಲೆ ಸುಮಾರು ಎರಡು ವಾರ ಕಂಪನಿಯ ಬಾವುಟ ಇರಲಿಲ್ಲ. ದಂಗೆ ಮುರಿದುಬಿದ್ದ ಮೇಲೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು. ದಂಗೆಯನ್ನು ಮುರಿಯಲು ನೆರವಾದವರು ದಿವಾನರಾದ ಚೆಪ್ಪುಡಿರ ಪೊನ್ನಪ್ಪ, ಅಪ್ಪರಂಡ ಬೋಪು ಮತ್ತು ಅವರ ಹಿಂದಿದ್ದ ಕೊಡವರು. ಕಂಪನಿ ಅವರಿಗೆ ಪದಕಗಳನ್ನು ಕೊಟ್ಟಿತು, ಕೆಲವರಿಗೆ ಚಿನ್ನದ್ದು, ಹೆಚ್ಚಿನವರಿಗೆ ಬೆಳ್ಳಿಯದು.

ಅಂಥದೊಂದು ಬೆಳ್ಳಿ ಪದಕ ನಮ್ಮ ಐನ್‌ಮನೆಯ ಪೆಟ್ಟಿಗೆಯಲ್ಲಿದೆ. ಒಂದು ಬದಿಯಲ್ಲಿ ಆಯುಧ ಹಿಡಿದು ಮುನ್ನುಗ್ಗುವ ಕೊಡವ ಯೋಧ, ಸುತ್ತಲೂ ಕನ್ನಡ ಅಕ್ಷರಗಳು. ಇನ್ನೊಂದು ಬದಿಯಲ್ಲಿ ಇಂಗ್ಲಿಷು. ಬಾಲ್ಯದಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಬಂದೂಕು, ಪೀಚೆಕತ್ತಿ, ಒಡಿಕತ್ತಿಗಳ ಜೊತೆ ಅದನ್ನೂ ಒರೆಸಿ ನೆಲ್ಲಕ್ಕಿಯಲ್ಲಿ ದೀಪದ ಮುಂದೆ ಇಡುತ್ತಿದ್ದುದನ್ನು ಕಂಡಿದ್ದೇನೆ. ಟಿಪ್ಪುವಿನ ಕಾಲದ ಶೌರ್ಯಕ್ಕೆ ಸಿಕ್ಕ ಬಿರುದು ಎಂದೇ ಎಲ್ಲರೂ ಹೇಳುತ್ತಿದ್ದರು. ಅದರ ಇಸವಿಯನ್ನು ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ. ನಾನು ಓದಿದ್ದು ನಲವತ್ತು ದಾಟಿದ ಮೇಲೆ. ಅರಸನ ಕ್ರೌರ್ಯದಿಂದ ಬೇಸತ್ತು ಆಂಗ್ಲರನ್ನು ಬರಮಾಡಿಕೊಂಡೆವೆಂಬ ಮಾತನ್ನು ಒಪ್ಪಬಹುದು. ಆದರೆ 1837ರಲ್ಲಿ ನಮ್ಮವರು ಗುಂಡು ಹಾರಿಸಿದ್ದು ಯಾವ ಕ್ರೂರ ಅರಸನ ಮೇಲೂ ಅಲ್ಲ, ಕಂದಾಯ ಕಟ್ಟಲಾಗದ ನೆರೆಯ ರೈತರ ಮೇಲೆ.

ಅತ್ತ ಅರಸನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಸಾಗಿಸಿದ್ದರು. ಪಿಂಚಣಿ ಉಣ್ಣುತ್ತ ಅವನು ಗಂಗೆಯ ದಡದಲ್ಲಿ ಹದಿನೈದು ವರ್ಷಕ್ಕೂ ಮಿಕ್ಕು ಕಳೆದ. ತನ್ನ ಹೆಸರಿನಲ್ಲಿ ಅಥವಾ ತನ್ನ ಮನೆತನದ ಹೆಸರಿನಲ್ಲಿ ಸುಳ್ಯದಲ್ಲಿ ಜನ ಸತ್ತರೆಂಬುದು ಅವನಿಗೆ ಮುಟ್ಟಿತೋ ಇಲ್ಲವೋ, ಆ ದಂಗೆಯಲ್ಲಿ ಅವನ ಕೈವಾಡವಂತೂ ಇರಲಿಲ್ಲ. 1852ರಲ್ಲಿ ಅನುಮತಿ ಪಡೆದು ಮುದ್ದಿನ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದ. ಹುಡುಗಿಗೆ ಆಗ ಹನ್ನೊಂದು ವರ್ಷ. ಸಮುದ್ರ ದಾಟಿ ಆ ನೆಲ ಮೆಟ್ಟಿದ ಭಾರತದ ಮೊದಮೊದಲ ಅರಸರಲ್ಲಿ ಅವನೊಬ್ಬ. ಅದೇ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಗೌರಮ್ಮನಿಗೆ ಕ್ರೈಸ್ತದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಮಗುವಿನ ಹೆಸರು ಇನ್ನು ವಿಕ್ಟೋರಿಯಾ ಗೌರಮ್ಮ. ತಂದೆ ಇದನ್ನು ಒಪ್ಪಿದ್ದು ಮಗಳ ಭವಿಷ್ಯಕ್ಕಾಗಿ ಎನ್ನುವವರಿದ್ದಾರೆ, ಕಳೆದುಕೊಂಡ ಹಣಕ್ಕಾಗಿ ಎನ್ನುವವರೂ ಇದ್ದಾರೆ. ಎರಡೂ ಇದ್ದಿರಬೇಕು. ಮನುಷ್ಯನ ಎದೆಯಲ್ಲಿ ಆಸೆಗಳು ಬೇರೆ ಬೇರೆ ಡಬ್ಬಿಗಳಲ್ಲಿ ಇರುವುದಿಲ್ಲ.

ಹಣದ ವಿಷಯ ಹೀಗಿತ್ತು. ಹಾಲೇರಿ ಅರಸರು ಕಂಪನಿಗೆ ಸಾಲ ಕೊಟ್ಟು ಪತ್ರ ಪಡೆದಿದ್ದರು. 1834ರಲ್ಲಿ ಮಡಿಕೇರಿಯ ಬೊಕ್ಕಸದ ಜೊತೆ ಆ ಪತ್ರಗಳೂ ಕಂಪನಿಯ ವಶವಾದವು. ಸಾಲಗಾರನೇ ಸಾಲಪತ್ರವನ್ನು ಲೂಟಿ ಮಾಡಿದಂತಾಯಿತು. ಚಿಕ್ಕವೀರರಾಜೇಂದ್ರ ಲಂಡನ್ನಿನ ನ್ಯಾಯಾಲಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ದಾವೆ ಹೂಡಿದ. ತೀರ್ಪು 1860ರಲ್ಲಿ ಬಂತು. ಯುದ್ಧದಲ್ಲಿ ಸಾರ್ವಭೌಮ ಅಧಿಕಾರ ಚಲಾಯಿಸಿ ವಶಪಡಿಸಿಕೊಂಡದ್ದನ್ನು ಸಾಮಾನ್ಯ ನ್ಯಾಯಾಲಯ ಪ್ರಶ್ನಿಸಲಾಗದೆಂದು ದಾವೆ ವಜಾ ಆಯಿತು. ಕೇಳಲು ಅರಸ ಇರಲಿಲ್ಲ. 1859ರ ಸೆಪ್ಟೆಂಬರ್ 24ರಂದು ಅವನು ಲಂಡನ್ನಿನಲ್ಲಿ ತೀರಿಕೊಂಡಿದ್ದ. ಕೊನೆಯ ವರ್ಷಗಳಲ್ಲಿ ಮಗಳನ್ನು ಮನಬಂದಾಗ ನೋಡುವ ಅವಕಾಶವೂ ಅವನಿಗೆ ಇರಲಿಲ್ಲ. ಅವಳು ರಾಣಿ ನೇಮಿಸಿದ ಪಾಲಕರ ವಶದಲ್ಲಿ ಆಂಗ್ಲ ಕನ್ಯೆಯಾಗಿ ಬೆಳೆಯುತ್ತಿದ್ದಳು. ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವಳಿಗೆ ಇಪ್ಪತ್ತಮೂರೂ ತುಂಬಿರಲಿಲ್ಲ.

ಅರಸನನ್ನು ಹೂಳಿದ್ದು ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ. ಲಿಂಗಾಯತನಿಗೆ ಮಣ್ಣು ಅವನ ಪದ್ಧತಿಯೇ ಆದುದರಿಂದ ಆ ಒಂದು ವಿಷಯದಲ್ಲಾದರೂ ಪರದೇಶ ಅವನಿಗೆ ಅಪಚಾರ ಮಾಡಲಿಲ್ಲ. ಮಡಿಕೇರಿಗೆ ಹೋದವರು ಗದ್ದುಗೆಯ ಗುಮ್ಮಟಗಳನ್ನು ನೋಡಿರಬಹುದು. ಅಲ್ಲಿ ದೊಡ್ಡವೀರರಾಜೇಂದ್ರರಿದ್ದಾರೆ, ಲಿಂಗರಾಜೇಂದ್ರರಿದ್ದಾರೆ. ಲಿಂಗರಾಜೇಂದ್ರರ ಸಮಾಧಿಯನ್ನು ಕಟ್ಟಿಸಿದವನು ಪಟ್ಟಕ್ಕೆ ಬಂದ ಹೊಸತರಲ್ಲಿ ಅವರ ಮಗ. ಕಟ್ಟಿಸಿದವನಿಗೆ ಮಾತ್ರ ಅಲ್ಲಿ ಜಾಗ ದೊರೆಯಲಿಲ್ಲ.

ಈ ಬದುಕನ್ನು ನಾನು ಬೇರೊಂದು ಕಣ್ಣಿನಿಂದ ನೋಡಲಾರಂಭಿಸಿದ್ದು ಶಾಂತಸಾಗರದ ನಡುವಣ ಹವಾಯಿಯ ರಾಣಿಯ ಚರಿತ್ರೆಯನ್ನು ಓದಿದ ಮೇಲೆ. ಲಿಲಿಯುವೊಕಲಾನಿ ವಿದ್ಯಾವಂತೆ, ಸಂಗೀತಗಾರ್ತಿ. ಜಗತ್ತಿಗೆಲ್ಲ ಪರಿಚಿತವಾದ ಅಲೋಹಾ ಓಯೆ ಗೀತೆ ಅವಳದೇ. 1887ರಲ್ಲಿ ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವಕ್ಕೆ ಲಂಡನ್ನಿಗೆ ಅತಿಥಿಯಾಗಿ ಹೋಗಿಬಂದವಳು. ಅದೇ ವರ್ಷ ಬಂದೂಕು ತೋರಿಸಿ ಹೇರಿದ ಸಂವಿಧಾನ ಅವಳ ಅಣ್ಣನ ಅಧಿಕಾರವನ್ನೂ ಬಡ ಹವಾಯಿಗರ ಮತದಾನದ ಹಕ್ಕನ್ನೂ ಕಸಿದಿತ್ತು. 1891ರಲ್ಲಿ ಪಟ್ಟಕ್ಕೆ ಬಂದ ಅವಳು ಅದನ್ನು ಸರಿಪಡಿಸಲು ಹೊರಟಳು. ಅವಳ ಅಪರಾಧ ಅಷ್ಟೆ. 1893ರ ಜನವರಿ 17ರಂದು ಸಕ್ಕರೆ ತೋಟಗಳ ಹಿತ ಕಾಯುವ ಬಿಳಿಯರ ಗುಂಪು, ಬಂದರಿನಲ್ಲಿ ಬಂದಿಳಿದ ಅಮೆರಿಕದ ನೌಕಾಸೈನಿಕರ ನೆರಳಿನಲ್ಲಿ, ಅವಳನ್ನು ಪದಚ್ಯುತಗೊಳಿಸಿತು. 1895ರಲ್ಲಿ ಅವಳ ಬೆಂಬಲಿಗರ ದಂಗೆ ವಿಫಲವಾದಾಗ ಅವಳನ್ನು ಅವಳದೇ ಅರಮನೆಯ ಮಹಡಿಯ ಕೋಣೆಯಲ್ಲಿ ಬಂಧಿಸಿಟ್ಟರು. ಅಮೆರಿಕದೊಂದಿಗೆ ವಿಲೀನ ಬೇಡವೆಂದು 1897ರಲ್ಲಿ ಹವಾಯಿಯ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿ ಕಳುಹಿಸಿದರು. ಮರುವರ್ಷವೇ ವಿಲೀನ ನಡೆಯಿತು. ರಾಜಮನೆತನದ ಭೂಮಿಗಾಗಿ ಅವಳೂ ನ್ಯಾಯಾಲಯಕ್ಕೆ ಹೋದಳು. 1910ರಲ್ಲಿ ಬಂದ ತೀರ್ಪು, ಆ ಭೂಮಿ ಅವಳ ಪದವಿಯದು, ಪದವಿಯೇ ಇಲ್ಲವಾದ್ದರಿಂದ ಅವಳಿಗೇನೂ ಸಲ್ಲದು ಎಂದಿತು. ಅವಳ ಉತ್ತರಾಧಿಕಾರಿಯಾಗಿದ್ದ ಸೊಸೆ, ಅಂದರೆ ತಂಗಿಯ ಮಗಳು, ತನ್ನ ನಾಡಿನ ಪರವಾಗಿ ವಾಷಿಂಗ್ಟನ್ನಿಗೆ ಹೋಗಿ ವಾದಿಸಿಬಂದು, 1899ರಲ್ಲಿ ಇಪ್ಪತ್ತಮೂರರ ಪ್ರಾಯಕ್ಕೇ ತೀರಿಕೊಂಡಳು. ಅವಳ ಹೆಸರೂ ವಿಕ್ಟೋರಿಯಾ. ವಿಕ್ಟೋರಿಯಾ ಕಯಿಯುಲಾನಿ.

ಓದು ಮುಗಿಸಿದಾಗ ನನಗೆ ಅನ್ನಿಸಿದ್ದು ಇದು. ನಮ್ಮ ಅರಸ ಕೆಟ್ಟವನಾಗಿದ್ದ, ಆದ್ದರಿಂದ ನಾಡು ಹೋಯಿತು ಎಂದು ನಾವು ಒಂದೂಮುಕ್ಕಾಲು ಶತಮಾನದಿಂದ ನಂಬಿಕೊಂಡು ಬಂದೆವು. ಆ ರಾಣಿ ಒಳ್ಳೆಯವಳಾಗಿದ್ದಳು. ನಾಡು ಅವಳದೂ ಹೋಯಿತು. ಅರಸನ ನಡತೆ ನೆಪಕ್ಕೆ ಸಂಬಂಧಿಸಿದ್ದು, ಫಲಿತಾಂಶಕ್ಕಲ್ಲ. ಕಂಪನಿಗೆ ಮೈಸೂರು ಮತ್ತು ಮಲಬಾರಿನ ನಡುವಣ ಘಟ್ಟದ ನಾಡು ಬೇಕಿತ್ತು, ತೋಟಗಾರರಿಗೆ ಮುಂದೆ ಅದರ ಇಳಿಜಾರುಗಳು ಬೇಕಾದವು. 1854ರಲ್ಲಿ ಫೌಲರ್ ಎಂಬ ಆಂಗ್ಲ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ. ಅನಂತರದ ಕಥೆ ಕೊಡಗಿನ ಪ್ರತಿ ಮನೆಗೂ ಗೊತ್ತು. ಕ್ರೂರಿಯನ್ನು ಕೆಳಗಿಳಿಸುವ ಹಕ್ಕು ಅವನ ಪ್ರಜೆಗಳಿಗಿತ್ತು. ಕೆಳಗಿಳಿಸಿದ ಮೇಲೆ ನಾಡು ಯಾರದೆಂದು ನಿರ್ಧರಿಸುವ ಹಕ್ಕೂ ಅವರದೇ ಆಗಬೇಕಿತ್ತು. ಎರಡನೆಯದನ್ನು ಮೊದಲನೆಯದರ ಹೊಗೆಯಲ್ಲಿ ಮರೆಮಾಡಲಾಯಿತು.

ಇನ್ನೊಂದು ವ್ಯತ್ಯಾಸ ನನ್ನನ್ನು ಹೆಚ್ಚು ಕಾಡುತ್ತದೆ. ಲಿಲಿಯುವೊಕಲಾನಿ 1898ರಲ್ಲಿ ತನ್ನ ಕಥೆಯನ್ನು ತಾನೇ ಬರೆದು ಪ್ರಕಟಿಸಿದಳು. ಹವಾಯಿಯ ಮೂಲನಿವಾಸಿಗಳಲ್ಲಿ ಸ್ವಾತಂತ್ರ್ಯವನ್ನು ಬಯಸುವವರೂ, ಅಮೆರಿಕದೊಳಗೇ ಸ್ವಾಯತ್ತತೆ ಸಾಕೆನ್ನುವವರೂ ಇಂದಿಗೂ ಅವಳಿಂದಲೇ ಮಾತು ಶುರುಮಾಡುತ್ತಾರೆ. 1959ರಲ್ಲಿ ನಡೆದ ಜನಮತಗಣನೆಯಲ್ಲಿ ಅಮೆರಿಕದ ರಾಜ್ಯವಾಗಬೇಕೇ ಬೇಡವೇ ಎಂದಷ್ಟೇ ಕೇಳಿದ್ದರು, ಸ್ವತಂತ್ರರಾಗಬೇಕೇ ಎಂದು ಕೇಳಿರಲಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. 1993ರಲ್ಲಿ ಅಮೆರಿಕದ ಸಂಸತ್ತು, ರಾಣಿಯನ್ನು ಪದಚ್ಯುತಗೊಳಿಸಿದ್ದಕ್ಕೆ ಠರಾವು ಮಾಡಿ ಕ್ಷಮೆ ಕೇಳಿತು. ಚಿಕ್ಕವೀರರಾಜೇಂದ್ರ ತನ್ನ ಕಥೆ ಬರೆಯಲಿಲ್ಲ. ಅದನ್ನು ಮೊದಲು ಬರೆದವರು ಮಿಷನರಿಗಳು ಮತ್ತು ಅಧಿಕಾರಿಗಳು. ಕನ್ನಡದಲ್ಲಿ ಅವನನ್ನು ಮನುಷ್ಯನನ್ನಾಗಿ ನೋಡಿದ ಮಾಸ್ತಿಯವರ ಕಾದಂಬರಿ ಹೊರಬಂದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ರಂದು ಕೊಡಗು ತನ್ನ ಪ್ರತ್ಯೇಕ ಅಸ್ತಿತ್ವವನ್ನು ಮುಗಿಸಿ ಮೈಸೂರು ರಾಜ್ಯದಲ್ಲಿ ಸೇರಿತು.

ಸ್ವತಂತ್ರ ಭಾರತದಲ್ಲಿ ಕೊಡಗು ಕೆಲಕಾಲ ಪುಟ್ಟ ರಾಜ್ಯವಾಗಿತ್ತೆಂಬುದು ಇಂದಿನ ತರುಣರಿಗೆ ಆಶ್ಚರ್ಯವೆನಿಸಬಹುದು. 1952ರಲ್ಲಿ ಅದರ ಇಪ್ಪತ್ತನಾಲ್ಕು ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆದು ಕಾಂಗ್ರೆಸ್ಸಿಗೆ 15, ಮೈಸೂರಿನೊಡನೆ ವಿಲೀನವನ್ನು ವಿರೋಧಿಸುತ್ತಿದ್ದ ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷಕ್ಕೆ 9 ಸ್ಥಾನ ಬಂದವು. ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು. ಆ ಒಂಬತ್ತು ಸ್ಥಾನಗಳ ಕಿಡಿ ಪೂರ್ತಿ ಆರಲಿಲ್ಲ. ಕೊಡವ ನ್ಯಾಷನಲ್ ಕೌನ್ಸಿಲ್ ದಶಕಗಳಿಂದ ಭಾರತದ ಸಂವಿಧಾನದೊಳಗೇ ಕೊಡವರಿಗೆ ಸ್ವಾಯತ್ತ ಪ್ರದೇಶ ಬೇಕೆಂದೂ, ಪರಿಶಿಷ್ಟ ಪಂಗಡದ ಸ್ಥಾನ ಬೇಕೆಂದೂ, ಕೊಡವ ತಕ್ಕ್ ಎಂಟನೆಯ ಅನುಸೂಚಿಗೆ ಸೇರಬೇಕೆಂದೂ ಒತ್ತಾಯಿಸುತ್ತ ಬಂದಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ ಮೀರಿದೆ. ಇಡೀ ದೇಶದಲ್ಲಿ ಕೊಡವ ಭಾಷೆಯನ್ನಾಡುವವರು ಒಂದು ಲಕ್ಷ ಹದಿಮೂರು ಸಾವಿರದಷ್ಟು. ಸ್ವಂತ ನೆಲದಲ್ಲಿ ಅಲ್ಪಸಂಖ್ಯಾತರಾಗುವ ಭಯ ಹವಾಯಿಗರದು ಮಾತ್ರವಲ್ಲ. ನನಗೂ ಅದಿದೆ. ಬೆಂಗಳೂರಿನಲ್ಲಿ ಬೆಳೆದ ನನ್ನ ಮಕ್ಕಳು ತಕ್ಕನ್ನು ಅರ್ಥಮಾಡಿಕೊಳ್ಳುತ್ತಾರೆ, ಆಡುವುದಿಲ್ಲ.

ಆದರೂ ಒಂದು ಪ್ರಶ್ನೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೊಡಗು ಕಳೆದುಕೊಂಡದ್ದು ಯಾರ ಸ್ವಾತಂತ್ರ್ಯ? ಗದ್ದುಗೆಯ ಮೇಲಿದ್ದವನು ಕೊಡವನಲ್ಲ. ಅವನ ಮನೆತನದ ಹೆಸರಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಗೌಡರು. ಅವನನ್ನು ಇಳಿಸಲು ನೆರವಾದ ಕೊಡವರಿಗೆ ಜಮ್ಮಾ ಭೂಮಿ ಉಳಿಯಿತು, 1861ರಿಂದ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವ ರಿಯಾಯಿತಿ ದೊರೆಯಿತು. ಇಂದು ನಮ್ಮ ಅಸ್ಮಿತೆಯ ಕುರುಹೆಂದು ನಾವು ತೋರಿಸುವ ಆ ಬಂದೂಕಿನ ಹಕ್ಕು ನಮಗೆ ದತ್ತವಾದದ್ದು ನಾಡು ಹೋದ ಮೇಲೆ, ಅದನ್ನು ತೆಗೆದುಕೊಂಡವರಿಂದಲೇ. ಹವಾಯಿಗರಿಗೆ ತಮ್ಮ ರಾಣಿಯನ್ನು ಮುಂದಿಟ್ಟುಕೊಂಡು ನಡೆಯುವುದು ಸುಲಭ. ನಮಗೆ ನಮ್ಮ ಅರಸನನ್ನು ಎಲ್ಲಿಡಬೇಕೆಂದೇ ತಿಳಿಯದು. ಸ್ವಾಯತ್ತತೆಯ ಮಾತಾಡುವ ಸಭೆಗಳಲ್ಲಿ ಅವನ ಚಿತ್ರವನ್ನು ನಾನು ಕಂಡಿಲ್ಲ.

ಕೋಲ್ಸ್ ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ನನಗೆ ಜೊತೆಯಾಗುವವರು ಸುಳ್ಯದ ಕಡೆಯ ನಿವೃತ್ತ ಪ್ರಾಧ್ಯಾಪಕರು. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ಅನಾವರಣಗೊಂಡಾಗ ಅವರು ಊರಿಗೆ ಹೋಗಿ ಬಂದು, ವಾರವಿಡೀ ಅದರದೇ ಮಾತು ಆಡಿದರು. ನಾನು ಹೂಂಗುಟ್ಟುತ್ತ ನಡೆದೆ. ಪೆಟ್ಟಿಗೆಯಲ್ಲಿರುವ ಪದಕದ ಸಂಗತಿ ನಾಲಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ಕೊನೆಗೆ ಕಳೆದ ಮಳೆಗಾಲದಲ್ಲಿ, ಪಾರ್ಕಿನ ಮಂಟಪದಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತ ಕುಳಿತಿದ್ದಾಗ, ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, ಅದರಲ್ಲಿ ಕನ್ನಡದಲ್ಲಿ ಏನು ಬರೆದಿದೆ ಎಂದು ಕೇಳಿದರು. ಅಕ್ಷರಗಳು ಸವೆದಿವೆ, ಪೂರ್ತಿ ಓದಲು ಬರುವುದಿಲ್ಲವೆಂದೆ. ತಮಗೆ ಹಳೆಯ ಲಿಪಿ ಓದುವ ಅಭ್ಯಾಸವಿದೆ, ತೋರಿಸಿದರೆ ಓದಬಲ್ಲೆನೆಂದರು.

ಪದಕ ದೊಡ್ಡಪ್ಪನ ಮಗನ ವಶದಲ್ಲಿದೆ. ಪುತ್ತರಿಗೆ ಊರಿಗೆ ಹೋಗುವಾಗ ಪ್ರಾಧ್ಯಾಪಕರನ್ನೂ ಕರೆದೊಯ್ಯುವುದೆಂದು ಮಾತಾಗಿದೆ. ಮೊದಲು ಮಡಿಕೇರಿಯ ಗದ್ದುಗೆ, ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ ಕೋಟೆಯ ಜಾಗ, ಆಮೇಲೆ ನಮ್ಮ ಐನ್‌ಮನೆ. ದೊಡ್ಡಪ್ಪನ ಮಗನಿಗೆ ಫೋನು ಮಾಡಿ ಅತಿಥಿಯೊಬ್ಬರು ಬರುತ್ತಾರೆಂದು ತಿಳಿಸಿದ್ದೇನೆ. ಎಲ್ಲಿಯವರು ಎಂದು ಕೇಳಿದ. ಸುಳ್ಯದವರು ಎಂದಷ್ಟೇ ಹೇಳಿದ್ದೇನೆ.